ಕಷಾಯದ ಸಾಲು, ನೀರಿನ ಸಾಲು

ಹದಿನೇಳನೆಯ ದಿನ ಬೆಳಗ್ಗೆ ಎರಡು ಸಾಲುಗಳೂ ಒಂದೇ ಥರ ಹಸಿರಾಗಿದ್ದವು. ಕುಂಡಗಳ ಚೀಟಿ ಅದಲುಬದಲಾಗಿದೆ ಎಂದುಕೊಂಡಳು ಅವಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಆ ಗಾಜಿನ ಮನೆಯಲ್ಲಿದ್ದದ್ದು ತೊಂಬತ್ತಾರು ಕುಂಡ. ತೊಂಬತ್ತಾರರಲ್ಲೂ ಒಂದೆಲಗ. ನಲವತ್ತೆಂಟು ಕುಂಡಗಳಿಗೆ ಮೂರು ದಿನಕ್ಕೊಮ್ಮೆ ಕಡಲಪಾಚಿಯ ಸಾರ ಸಿಂಪಡಿಸುವುದು. ಉಳಿದ ನಲವತ್ತೆಂಟಕ್ಕೆ ಹೋಲಿಕೆಗೆಂದು ಅಷ್ಟೇ ಪ್ರಮಾಣದ ಬರೀ ನೀರು. ಬೇರಿಗೆ ಮಾತ್ರ ಎರಡು ಸಾಲಿಗೂ ಬರಗಾಲ. ದಿನಾ ಬೆಳಗ್ಗೆ ಒಂದೊಂದೇ ಕುಂಡವನ್ನು ಎತ್ತಿ ತೂಕಕ್ಕಿಟ್ಟು, ಸಾಯದೆ ಉಳಿಯಲು ಎಷ್ಟು ಬೇಕೋ ಅಷ್ಟೇ ನೀರನ್ನು ಬುಡಕ್ಕೆ ಅಳೆದು ಹಾಕಬೇಕು. ಸಂಶೋಧನೆಯ ಪದವಿಗೆಂದು ಮೂರು ವರ್ಷದಿಂದ ಅವಳು ಮಾಡುತ್ತಿದ್ದದ್ದು ಇದನ್ನೇ. ಅದಕ್ಕೇ ಅಲ್ಲಿಯವರು ಅವಳಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಪಾಚಿಯ ಸಾರ ಕಂದು ಬಣ್ಣಕ್ಕಿತ್ತು, ಮೀನಿನ ವಾಸನೆ ಹೊಡೆಯುತ್ತಿತ್ತು; ಅದನ್ನು ಕಷಾಯ ಎನ್ನುತ್ತಿದ್ದರು.

ಹಿಂದಿನ ಎರಡು ವರ್ಷವೂ ಹದಿನೇಳನೆಯ ದಿನದ ಹೊತ್ತಿಗೆ ನೀರಿನ ಸಾಲು ನೋಡುವ ಹಾಗಿರಲಿಲ್ಲ. ಎಲೆಯ ಅಂಚೆಲ್ಲ ಇಸ್ತ್ರಿಪೆಟ್ಟಿಗೆ ತಾಗಿದ ಬಟ್ಟೆಯ ಹಾಗೆ ಕಂದಿಹೋಗಿರುತ್ತಿತ್ತು. ಪಕ್ಕದ ಕಷಾಯದ ಸಾಲು ಬರಗಾಲ ತನಗಲ್ಲ ಎಂಬಂತೆ ನಿಂತಿರುತ್ತಿತ್ತು. ನೋಡಲು ಬಂದವರು ಎರಡರ ನಡುವೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು.

ಆ ಫೋಟೋಗಳಲ್ಲಿ ಒಂದು ಚಿಕ್ಕಮ್ಮನ ಮನೆಯ ಬಾಗಿಲಿಗೆ ಅಂಟಿತ್ತು.

ಚಿಕ್ಕಮ್ಮ, ಅಂದರೆ ಅವಳ ತಾಯಿಯ ತಂಗಿ, ಬಸ್ಸಿನಲ್ಲಿ ನಾಲ್ಕು ತಾಸು ದೂರದ ಊರಿನಲ್ಲಿ ಒಂದೆಲಗ ಬೆಳೆಯುವ ಹೆಂಗಸರ ಗುಂಪಿನ ಮುಖಂಡಳು. ಹನ್ನೊಂದು ಮಂದಿ. ಸೊಪ್ಪು ಬೆಳೆದು, ಒಣಗಿಸಿ, ಔಷಧಿ ಮಾಡುವವರಿಗೆ ಕೊಡುತ್ತಿದ್ದರು; ಹನ್ನೊಂದು ಮನೆಯೂ ಅದರ ಮೇಲೇ ನಿಂತಿತ್ತು. ಕಾಲುವೆಯ ನೀರು ಐದು ದಿನಕ್ಕೊಮ್ಮೆ ಅವರ ಪಾತಿಗಳಿಗೆ ಬರುತ್ತಿತ್ತು. ಹೋದ ವರ್ಷ ನೀರಿನ ಕಚೇರಿಯವರು ಬಂದು, ಪೇಟೆಗೆ ಕುಡಿಯಲು ನೀರು ಸಾಲದು, ನೀವು ಹತ್ತು ದಿನಕ್ಕೊಮ್ಮೆ ತಗೊಳ್ಳಿ, ಬದಲಿಗೆ ಈ ಪಾಚಿಯ ಔಷಧಿ ಎರಡು ವರ್ಷ ಪುಕ್ಕಟೆ ಕೊಡುತ್ತೇವೆ ಎಂದರು. ತರಕಾರಿಯವರು ಒಪ್ಪಲಿಲ್ಲ, ಹೂವಿನವರು ಒಪ್ಪಲಿಲ್ಲ. ಒಂದೆಲಗದವರಲ್ಲೂ ಎಂಟು ಮಂದಿ ಬೇಡವೆಂದು ತಲೆ ಅಲ್ಲಾಡಿಸಿದ್ದರು. ಚಿಕ್ಕಮ್ಮನಿಗೆ ವಿಜ್ಞಾನದ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಅಕ್ಕನ ಮಗಳ ಮೇಲಿತ್ತು. "ನಮ್ಮ ಹುಡುಗಿ ದಿನಾ ತೂಗಿ ತೂಗಿ ನೋಡಿದ್ದಾಳೆ. ಸುಳ್ಳು ಹೇಳೋಕೆ ಅವಳಿಗೇನು ಹುಚ್ಚಾ?" ಎಂದು ಕೇಳಿ, ಆ ಫೋಟೋ ತೋರಿಸಿ, ಹನ್ನೊಂದೂ ಸಹಿ ಹಾಕಿಸಿದ್ದಳು. ಒಪ್ಪಂದ ಐದು ವರ್ಷದ್ದು. ಈ ಬೇಸಿಗೆಯೇ ಅದರ ಮೊದಲ ಬೇಸಿಗೆ.

ತಕ್ಕಡಿ ಚೀಟಿಗಳನ್ನು ನಕ್ಷೆಯೊಂದಿಗೆ ಹೋಲಿಸಿ ನೋಡಿದಳು. ಸರಿಯಿದ್ದವು. ನೀರಿನ ಸಾಲಿನ ಹತ್ತು ಕುಂಡಗಳ ಎಲೆಯನ್ನು ಮೂಸಿದಳು. ಮೀನಿನ ವಾಸನೆ ಇರಲಿಲ್ಲ. ಕಷಾಯ ಅವಕ್ಕೆ ಬಿದ್ದಿಲ್ಲ, ಆದರೂ ಬದುಕಿವೆ, ಚೆನ್ನಾಗಿಯೇ ಬದುಕಿವೆ.

ಅದೇ ದಿನ ಪಂಪಣ್ಣ ಕೆಲಸಕ್ಕೆ ವಾಪಸ್ ಬಂದ. ಬೆನ್ನಿಗೆ ಪಂಪು ಕಟ್ಟಿಕೊಂಡು ಗಾಜಿನ ಮನೆಗಳಿಗೆಲ್ಲ ಸಿಂಪಡಿಸುವವನು ಅವನು. ಮಂಡಿಯ ಆಪರೇಷನ್ನಿಗೆ ಮೂರು ವಾರ ರಜೆ ಹಾಕಿದ್ದ. ಅಷ್ಟು ದಿನ ಸಿಂಪಡಿಸುವ ಕೆಲಸವನ್ನು ತಕ್ಕಡಿಯೇ ಮಾಡಿದ್ದಳು. ಕೋಲೂರಿಕೊಂಡು ಬಂದವನು ಎರಡು ಸಾಲನ್ನೂ ನೋಡಿ ಹುಬ್ಬೇರಿಸಿದ.

"ಏನಮ್ಮಾ ತಕ್ಕಡಿ, ನಾನಿಲ್ದೆ ಎಲ್ಲಾ ಕೊಬ್ಬಿಬಿಟ್ಟಿವೆ? ಕದ್ದು ನೀರು ಹಾಕಿದ್ರಾ ಹೆಂಗೆ?"

"ಒಂದು ತೊಟ್ಟೂ ಹೆಚ್ಚಿಗೆ ಹಾಕಿಲ್ಲ ಪಂಪಣ್ಣ. ತೂಕ ಬರೆದಿದ್ದೀನಿ, ನೋಡಿ."

"ಹಾಗಾದ್ರೆ ನಿಮ್ಮ ಕೈಗುಣ. ನಂದು ಶನಿ ಕೈ. ಮುಟ್ಟಿದ್ದೆಲ್ಲ ಒಣಗುತ್ತೆ, ನನ್ನ ಹೆಂಡ್ತಿ ಮೊದ್ಲಿಂದಾನೂ ಹೇಳ್ತಾಳೆ." ಅವನು ಕೋಲನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತ. "ನಲ್ಲಿ ರಿಪೇರಿ ಆಯ್ತಾ? ನಾನು ಹೋಗೋ ದಿನವೇ ಕೆಟ್ಟಿತ್ತಲ್ಲ."

"ನಿನ್ನೆ ಆಯ್ತು."

"ಮತ್ತೆ ಇಷ್ಟು ದಿನ ನೀರಿನ ಪಂಪಿಗೆ ಏನು ತುಂಬಿದ್ರಿ?"

"ಕ್ಯಾನಿಂದ."

"ಕ್ಯಾನಿಂದಾ!" ಮಂಡಿ ನೋವನ್ನೂ ಮರೆತು ಎದ್ದು ನಿಂತ. "ಬಟ್ಟಿ ಇಳಿಸಿದ ನೀರು, ಅದನ್ನ ಬರೀ ನೀರಿನ ಸಾಲಿಗೆ ಹೊಡೆದ್ರಾ? ಸ್ಟೋರಿನವನು ನೋಡಿದ್ರೆ ನನ್ನ ಇನ್ನೊಂದು ಮಂಡೀನೂ ಮುರೀತಾನೆ. ನಾನು ಯಾವತ್ತೂ ಅದಕ್ಕೆ ನಲ್ಲೀದೇ ಹಿಡಿಯೋದು. ಕ್ಯಾನಿಂದು ಕಷಾಯ ಕಲಸೋಕೆ ಮಾತ್ರ."

ಅವಳು ಕೈಯಲ್ಲಿದ್ದ ಕುಂಡವನ್ನು ತೂಕದ ಮೇಲಿಂದ ಇಳಿಸಿ ನೆಲಕ್ಕಿಟ್ಟಳು.

"ಎರಡು ವರ್ಷವೂ?"

"ಮತ್ತೆ? ನೀವೇ ಹೇಳಿದ್ದಲ್ವಾ."

ಹೌದು, ಅವಳೇ ಹೇಳಿದ್ದು. ಮೊದಲ ವರ್ಷದ ಎರಡನೆಯ ವಾರ. ಬಟ್ಟಿ ಇಳಿಸಿದ ನೀರು ವಾರಕ್ಕೆ ಒಂದೇ ಕ್ಯಾನು, ಐದು ಮಂದಿ ಅದರಲ್ಲೇ ಹಂಚಿಕೊಳ್ಳಬೇಕು. ಎರಡು ಪಂಪಿಗೂ ಇದೇ ತುಂಬಬೇಕಾ ಎಂದು ಪಂಪಣ್ಣ ಕೇಳಿದ್ದ. ಔಷಧಿ ಬೀಳದ ಗಿಡಕ್ಕೆ ಅಷ್ಟು ಒಳ್ಳೆಯ ನೀರು ಯಾಕೆ ದಂಡ, ನಲ್ಲೀದೇ ಹಿಡೀರಿ ಎಂದಿದ್ದಳು. ಉಳಿತಾಯ ಮಾಡಿದೆನೆಂದು ಆವತ್ತು ಒಳಗೊಳಗೇ ಹೆಮ್ಮೆಯೂ ಆಗಿತ್ತು. ನೀರಿನ ಬೆಲೆ ತಿಳಿದವರು ತಾವು, ಬರಗಾಲದ ಮೇಲೆ ಕೆಲಸ ಮಾಡುವವರು. ಇಂಥ ತಪ್ಪು ಮಾಡಲು ಅಂಥವರೇ ಬೇಕಿತ್ತು.

ಆ ನಲ್ಲಿಯ ನೀರನ್ನು ಅಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಕೊಳವೆಬಾವಿಯನ್ನು ವರ್ಷ ವರ್ಷ ಆಳಕ್ಕಿಳಿಸಿದಷ್ಟೂ ನೀರು ಉಪ್ಪಾಗುತ್ತ ಬಂದಿತ್ತು. ಸೋಪು ನೊರೆ ಬರುತ್ತಿರಲಿಲ್ಲ. ಕೆಟಲಿನ ತಳದಲ್ಲಿ ಬಿಳಿ ಗಾರೆ ಕಟ್ಟುತ್ತಿತ್ತು. ಚಹಾಕ್ಕೆ ಎಲ್ಲರೂ ಮನೆಯಿಂದಲೇ ಬಾಟಲಿ ತರುತ್ತಿದ್ದರು. ಮನುಷ್ಯರು ಬಾಯಿಗೆ ಹಾಕದ ನೀರನ್ನು ಮೂರು ದಿನಕ್ಕೊಮ್ಮೆ, ಎರಡು ವರ್ಷ, ಎಲೆಗಳ ಮೇಲೆ ಹೊಡೆದಿದ್ದರು.

ಉಪ್ಪಿನ ಮೀಟರನ್ನು ನಲ್ಲಿನೀರಿನ ಲೋಟಕ್ಕೆ ಅದ್ದಿದಳು. ಬಂದ ಅಂಕಿಯನ್ನು ಮೂರು ಸಲ ಬರೆದಳು, ಮೂರು ಸಲವೂ ಅದೇ. ನೀರುಂಡ ಗಿಡದ ಎಲೆಯನ್ನೇ ಸುಡುವಷ್ಟು ಉಪ್ಪು. ಬಾಯಾರಿದ ಗಿಡದ ಪಾಡು ಕೇಳುವುದೇ ಬೇಡ.

ಆದರೂ ಕಷಾಯಕ್ಕೂ ಸ್ವಲ್ಪ ಗುಣವಿರಬಹುದೆಂಬ ಒಂದು ಆಸೆ ಉಳಿದಿತ್ತು. ಹೊಸದಾಗಿ ನಾಲ್ಕು ಸಾಲು ಹಾಕಿದಳು: ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ನಲ್ಲಿನೀರು, ಒಂದಕ್ಕೆ ಬಟ್ಟಿ ನೀರು, ಒಂದಕ್ಕೆ ಕಷಾಯ. ಮಾರ್ಗದರ್ಶಿ ಮೇಡಂಗೆ ಹೇಳಲಿಲ್ಲ, ಚಿಕ್ಕಮ್ಮನಿಗೂ ಹೇಳಲಿಲ್ಲ. ಹದಿನೇಳು ದಿನ ಅವಳು ತೂಗಿದಳು, ಪಂಪಣ್ಣ ಹೊಡೆದ.

ನಡುವೆ ಚಿಕ್ಕಮ್ಮನ ಫೋನು ಬಂತು.

"ಏನೇ, ಊಟ ಆಯ್ತಾ? ಕೇಳು, ಎಲೆ ಅಂಚು ಮುದುಡ್ತಾ ಇದೆ. ಎರಡು ಸಲ ಹೊಡೆದಾಯ್ತು. ಇನ್ನೊಂದು ಸಲ ಹೊಡೀಲಾ?"

"ಎಲ್ಲರ ಪಾತಿಯಲ್ಲೂ ಹಾಗೇನಾ ಚಿಕ್ಕಮ್ಮಾ?"

"ಮೊದ್ಲು ಶುರು ಆಗಿದ್ದು ನಮ್ಮ ಗುಂಪಿನ ಉದ್ದಕ್ಕನ ಪಾತೀಲಿ. ಅವಳೇ ಅಲ್ವಾ ಔಷಧಿ ಕಲಸೋದು. ತನ್ನ ಪಾತಿಗೆ ಗಟ್ಟಿಯಾಗಿ ಹೊಡ್ಕೊಂಡು ಸುಟ್ಕೊಂಡಿದ್ದಾಳೆ, ನಮಗೆ ತೆಳ್ಳಗೆ ಕಲಸಿ ಕೊಟ್ಟಿದ್ದಾಳೆ. ಹೋದ ವಾರ ಎಲ್ಲರೂ ಸೇರಿ ಕೇಳಿದ್ವಿ. ಉದ್ದ ಇದ್ದೀಯ ನಿಜ, ಲೆಕ್ಕ ಗಿಡ್ಡ ನಿಂದು ಅಂದೆ. ಅತ್ತಳು. ಈಗ ಅವಳ ಕೈಗೆ ಡ್ರಮ್ಮು ಕೊಡಲ್ಲ."

"ಚಿಕ್ಕಮ್ಮಾ, ಉದ್ದಕ್ಕ ಸರಿಯಾಗೇ ಕಲಸಿರಬಹುದು."

"ಸರಿಯಾಗಿ ಕಲಸಿದ್ರೆ ಯಾಕೆ ಒಣಗುತ್ತೆ? ನಿಂದು ಒಣಗ್ಲಿಲ್ಲವಲ್ಲ."

ಅದಕ್ಕೆ ಉತ್ತರ ಅವಳ ಬಳಿ ಇತ್ತು. ಆಮೇಲೆ ಮಾಡುತ್ತೇನೆ ಎಂದು ಫೋನಿಟ್ಟಳು. ಇನ್ನೂ ಆರು ದಿನ ಬಾಕಿ ಇದೆ ಎಂದು ತನಗೆ ತಾನೇ ಹೇಳಿಕೊಂಡಳು.

ಆರು ದಿನ ಕಳೆಯಿತು. ನಲ್ಲಿನೀರಿನ ಸಾಲು ಅಂಚಿನಿಂದ ಒಳಕ್ಕೆ ಕಂದಿತು. ಉಳಿದ ಮೂರು ಸಾಲಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಏನೂ ಹೊಡೆಸಿಕೊಳ್ಳದ ಗಿಡಗಳೂ ಕಷಾಯ ಕುಡಿದ ಗಿಡಗಳೂ ಒಂದೇ ಎತ್ತರ, ಒಂದೇ ತೂಕ. ಇನ್ನೊಂದು ವಾರ ನೀರನ್ನು ಇನ್ನಷ್ಟು ಬಿಗಿಮಾಡಿದಾಗ ಮೂರೂ ಒಟ್ಟಿಗೇ ಬಾಡಿದವು. ಬರಗಾಲಕ್ಕೆ ಅವುಗಳಲ್ಲಿ ಭೇದಭಾವವಿರಲಿಲ್ಲ.

ಮೇಡಂ ಕೆಟ್ಟವಳಲ್ಲ. ಮೂವತ್ತು ವರ್ಷ ಅದೇ ಕೋಣೆಯಲ್ಲಿ ಅದೇ ಮೇಜಿನ ಹಿಂದೆ ಕೂತು ಸವೆದವಳು. ತಕ್ಕಡಿ ತಂದಿಟ್ಟ ಹಾಳೆಗಳನ್ನು ಪೂರ್ತಿ ಓದಿದಳು, ಒಂದು ಕಡೆ ಕೂಡುವ ತಪ್ಪನ್ನೂ ಹಿಡಿದಳು. ಆಮೇಲೆ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡಳು.

"ನಾವು ಸುಳ್ಳು ಬರೆದಿಲ್ಲ. ಅಚ್ಚಾದ ಲೇಖನದಲ್ಲಿ ನಲ್ಲಿನೀರು ಅಂತಲೇ ಇದೆ."

"ಯಾವ ನಲ್ಲಿ ಅಂತ ಇಲ್ಲ ಮೇಡಂ."

"ಯಾರೂ ಕೇಳಲಿಲ್ಲ." ಹಾಳೆಗಳನ್ನು ಜೋಡಿಸಿಟ್ಟಳು. "ತಿದ್ದುಪಡಿ ಬರಿ. ನಾನು ಸಹಿ ಹಾಕ್ತೀನಿ. ಪತ್ರಿಕೆಯವರು ನೋಡಿ, ಇನ್ನಿಬ್ಬರಿಗೆ ಕಳಿಸಿ, ಅಚ್ಚಾಗೋ ಹೊತ್ತಿಗೆ ಎಂಟು ತಿಂಗಳು. ನಿನ್ನ ಪದವಿ ಒಂದು ವರ್ಷ ಹಿಂದೆ ಹೋಗುತ್ತೆ."

"ನನ್ನ ಪದವಿ ಹಾಳಾಗ್ಲಿ ಮೇಡಂ. ಅಲ್ಲಿ ಹನ್ನೊಂದು ಜನ ನೀರು ಬಿಟ್ಟುಕೊಟ್ಟಿದ್ದಾರೆ."

"ಗೊತ್ತು. ಆ ಕಚೇರಿಗೆ ಫೋಟೋ ಕಳಿಸಿದ್ದು ನಾನೇ." ಕನ್ನಡಕ ಹಾಕಿಕೊಂಡಳು. "ಹೋಗಿ ಕೇಳು. ಕೊಡಲ್ಲ. ಆದರೂ ಹೋಗಿ ಕೇಳು."

ನೀರಿನ ಕಚೇರಿಯ ಎಂಜಿನಿಯರು ಕುರ್ಚಿ ಕೊಟ್ಟು ಕೂರಿಸಿದ, ಪೂರ್ತಿ ಕೇಳಿಸಿಕೊಂಡ. ಕಪಾಟಿನಿಂದ ಒಪ್ಪಂದದ ಕಡತ ತೆಗೆದು ಅವಳ ಕಡೆಗೇ ತಿರುಗಿಸಿಟ್ಟ.

"ಓದಿಮ್ಮಾ. ಇದರಲ್ಲಿ ಔಷಧಿ ಕೆಲಸ ಮಾಡುತ್ತೆ ಅಂತ ಎಲ್ಲಾದ್ರೂ ಇದೆಯಾ? ಹತ್ತು ದಿನಕ್ಕೊಮ್ಮೆ ಅಂತಿದೆ, ಐದು ವರ್ಷ ಅಂತಿದೆ, ಹನ್ನೊಂದು ಸಹಿ ಇದೆ."

"ಔಷಧಿ ನಂಬಿ ಸಹಿ ಹಾಕಿದ್ದು ಸಾರ್."

"ಏನನ್ನ ನಂಬಿ ಹಾಕಿದ್ರು ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ." ಗದರಲಿಲ್ಲ. ದಿನಕ್ಕೆ ಹತ್ತು ಸಲ ಹೇಳಿ ರೂಢಿಯಾದವನ ದನಿ. "ಪೈಪು ಹಾಕಿ ಆಗಿದೆ. ಪೇಟೆಯ ಆರು ಬೀದಿಗೆ ಈ ನೀರೇ ಹೋಗ್ತಿದೆ. ನೀವೇ ಹೋಗಿ ಒಂದೊಂದು ಬಾಗಿಲು ತಟ್ಟಿ, ಸೊಪ್ಪಿಗೆ ಬಾಯಾರಿಕೆ ಆಗಿದೆ, ನಲ್ಲಿ ಮುಚ್ಚಿ ಅಂತ ಹೇಳಿ. ಒಪ್ಪಿದ್ರೆ ನಾನು ತಿರುಗಿಸಿ ಬಿಡ್ತೀನಿ."

ಅಲ್ಲಿಂದ ನೇರ ಬಸ್ಸು ಹತ್ತಿದಳು. ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಪಾತಿಗಳ ಪಕ್ಕ ತಗಡಿನ ಚಪ್ಪರ. ಅದರ ನೆರಳಿನಲ್ಲಿ ಹೆಂಗಸರು ಕೂತಿದ್ದರು, ಮಾಡಲು ಕೆಲಸವಿರಲಿಲ್ಲ. ಈ ಹೊತ್ತಿಗೆ ಎರಡನೆಯ ಕೊಯ್ಲು ನಡೆಯುತ್ತಿರಬೇಕಿತ್ತು. ಅವಳು ಬಗ್ಗಿ ಒಂದು ಎಲೆ ಹಿಡಿದಳು. ಸುಟ್ಟ ಕಾಗದದ ಹಾಗೆ ಬೆರಳಲ್ಲೇ ಉದುರಿತು. ಎಲೆ ಹೋದರೆ ಹೋಗಲಿ. ಬಳ್ಳಿಯ ಗೆಣ್ಣನ್ನು ಉಗುರಿನಿಂದ ಕೆರೆದಳು. ಒಳಗೆ ಹಸಿರಿರಲಿಲ್ಲ. ಮಳೆ ಬಂದ ಮೇಲೆ ಮತ್ತೆ ನೆಡಲು ಬೇಕಾದದ್ದು ಈ ಗೆಣ್ಣುಗಳೇ. ನಾಲ್ಕು ಪಾತಿ ಕೆರೆದು ನೋಡಿದಳು, ಮೂರರಲ್ಲಿ ಎಲ್ಲ ಮುಗಿದಿತ್ತು.

"ನೋಡ್ರೇ, ಡಾಕ್ಟ್ರು ಬಂದ್ರು. ನಾಡಿ ನೋಡ್ತಿದ್ದಾರೆ," ಎಂದಳು ಚಪ್ಪರದಿಂದ ಒಬ್ಬಳು. ಎರಡು ಮೂರು ಮಂದಿ ನಕ್ಕರು.

ಚಿಕ್ಕಮ್ಮ ಎದ್ದು ಬಂದಳು. ಅಕ್ಕನ ಮಗಳ ಮುಖ ನೋಡಿ, ಏನೂ ಕೇಳದೆ, ರಟ್ಟೆ ಹಿಡಿದು ಚಪ್ಪರದ ಹಿಂದಕ್ಕೆ ಕರೆದುಕೊಂಡು ಹೋದಳು. ತಕ್ಕಡಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು: ನಲ್ಲಿ, ಉಪ್ಪು, ನಾಲ್ಕು ಸಾಲು, ಮೇಡಂ, ಎಂಜಿನಿಯರು. ಹೇಳಿ ಮುಗಿಸಲು ಐದು ನಿಮಿಷವೂ ಬೇಕಾಗಲಿಲ್ಲ.

ಚಿಕ್ಕಮ್ಮ ತಗಡಿನ ಗೋಡೆಗೆ ಕೈ ಕೊಟ್ಟು ನಿಂತಳು. ತಗಡು ಕಾದಿತ್ತು, ಕೈ ತೆಗೆಯಲಿಲ್ಲ.

"ಅಂದ್ರೆ ನಿನ್ನ ಔಷಧಿ ಗಿಡ ಉಳಿಸ್ಲಿಲ್ಲ. ಆ ಕಡೆ ಗಿಡಗಳನ್ನ ನೀವೇ ಸಾಯಿಸಿದ್ರಿ, ಈ ಕಡೇದು ಬದುಕಿದ ಹಾಗೆ ಕಾಣಿಸ್ತು."

"ಹೌದು."

"ಎಷ್ಟು ದಿನ ಆಯ್ತು ಗೊತ್ತಾಗಿ?"

"ಅನುಮಾನ ಬಂದು ತಿಂಗಳು ಕಳೀತು."

"ನಾನು ಫೋನ್ ಮಾಡಿದಾಗ ಗೊತ್ತಿತ್ತು."

ತಕ್ಕಡಿ ಬೆರಳಿಗಂಟಿದ್ದ ಎಲೆಯ ಪುಡಿಯನ್ನು ಒರೆಸಿಕೊಂಡಳು.

"ಅವರಿಗೆ ಹೇಳ್ಬೇಡ," ಎಂದಳು ಚಿಕ್ಕಮ್ಮ.

"ಉದ್ದಕ್ಕನ ಮೇಲೆ ಅಪವಾದ ಹೊರಿಸಿದ್ದೀರಲ್ಲ."

"ಹೊರಿಸಿದ್ದು ನಾನೇ. ನನಗೆ ಗೊತ್ತಿಲ್ವಾ? ಅವಳ ಕಾಲು ಹಿಡೀಬೇಕಾದ್ರೆ ನಾನೇ ಹಿಡೀತೀನಿ." ದನಿ ತಗ್ಗಿಸಿದಳು. "ಕಲಸಿದ್ದು ತಪ್ಪಾಯ್ತು ಅಂದ್ರೆ, ನಾಳೆ ಸರಿಯಾಗಿ ಕಲಸಬಹುದು ಅಂತ ಇರುತ್ತೆ. ಔಷಧೀನೇ ಸುಳ್ಳು ಅಂದ್ರೆ ಏನಿರುತ್ತೆ? ಹೇಳು, ಓದಿದ್ದೀಯಲ್ಲ. ನಾಳೆ ಬೆಳಗ್ಗೆ ಎದ್ದು ಅವರು ಏನು ಮಾಡ್ಬೇಕು?"

"ಗೊತ್ತಿಲ್ಲ ಚಿಕ್ಕಮ್ಮಾ."

"ಗೊತ್ತಿಲ್ದೆ ಇದ್ರೆ ಬಾಯಿ ಮುಚ್ಕೊಂಡಿರು."

ಆದರೂ ಹೇಳಿದಳು. ಧೈರ್ಯ ಬಂದು ಹೇಳಿದ್ದಲ್ಲ. ಬಾಯಿ ಮುಚ್ಚಿಕೊಂಡು ಒಂದು ತಿಂಗಳು ಇದ್ದು ನೋಡಿದ್ದಳು, ಇನ್ನೊಂದು ದಿನ ಇರಲು ಆಗಲಿಲ್ಲ, ಅಷ್ಟೇ. ಚಪ್ಪರದ ಮುಂದೆ ನಿಂತು, ತಪ್ಪು ನನ್ನದು, ಉದ್ದಕ್ಕನದಲ್ಲ, ಗಟ್ಟಿ ಕಲಸಿದರೂ ತೆಳ್ಳಗೆ ಕಲಸಿದರೂ ಅದು ಕೆಲಸ ಮಾಡುವುದಿಲ್ಲ ಎಂದಳು. ಎರಡು ಸಲ ಹೇಳಿದಳು. ಮೊದಲ ಸಲ ಹಿಂದಿದ್ದವರಿಗೆ ಕೇಳಿಸಿರಲಿಲ್ಲ.

ಬಯ್ಯುತ್ತಾರೆ ಎಂದುಕೊಂಡಿದ್ದಳು. ಬಯ್ಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟ್ರು ಎಂದು ನಗೆಯಾಡಿದ್ದವಳು ಕೇಳಿದಳು:

"ನೀರು ವಾಪಸ್ ಬರುತ್ತಾ?"

"ಕೇಳಿದೆ ಅಕ್ಕಾ. ಕೊಡಲ್ಲ ಅಂದ್ರು."

"ಐದು ವರ್ಷ?"

"ಐದು ವರ್ಷ."

ಒಬ್ಬಳು ಸೆರಗಿನಿಂದ ಕತ್ತು ಒರೆಸಿಕೊಂಡಳು. ಇನ್ನೊಬ್ಬಳು, ಬೇರೇನೂ ಮಾತೇ ಆಗಿಲ್ಲವೇನೋ ಎಂಬಂತೆ, "ಇನ್ನೂ ಎರಡು ಡ್ರಮ್ಮು ಇದೆಯಲ್ಲ ಔಷಧಿ," ಎಂದಳು.

"ಇದೆ."

"ಹಾಗಾದ್ರೆ ಹೊಡೆದುಬಿಡೋಣ. ಇಟ್ಕೊಂಡು ಏನು ಮಾಡೋದು."

"ಅಯ್ಯೋ, ಅದರಿಂದ ಏನೂ ಆಗಲ್ಲ ಅಂತ ಈಗಷ್ಟೇ..." ತಕ್ಕಡಿಯ ಮಾತು ಅರ್ಧಕ್ಕೇ ನಿಂತಿತು. ಯಾರೂ ಅವಳತ್ತ ನೋಡುತ್ತಿರಲಿಲ್ಲ. ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದರು. ಯಾರ ಪಾತಿಯಿಂದ ಶುರು ಎಂದು ಚರ್ಚೆ ಆಗಲೇ ಎದ್ದಿತ್ತು. ಹೋದ ಸಲ ನಿಂದೇ ಮೊದಲು, ಈ ಸಲ ಆ ಕಡೆಯಿಂದ ಬರಲಿ, ಪಂಪು ಸೋರುತ್ತೆ, ವಾಷರ್ ಹಾಕಿಸು ಅಂದಿದ್ದೆನಲ್ಲ. ಚಪ್ಪರಕ್ಕೆ ಜೀವ ಬಂದಂತಾಯಿತು.

ಉದ್ದಕ್ಕ ಕೊನೆಯಲ್ಲಿ, ಎಲ್ಲರಿಗಿಂತ ಮಾರು ದೂರ, ಒಂಟಿಯಾಗಿ ಕೂತಿದ್ದಳು. ತಕ್ಕಡಿಗೆ ಎಲ್ಲಕ್ಕಿಂತ ಬೇಕಿದ್ದದ್ದು ಅವಳ ಮುಖ. ಇಷ್ಟೆಲ್ಲದರಲ್ಲಿ ಒಬ್ಬಳಿಗಾದರೂ ತನ್ನ ಮಾತಿನಿಂದ ಉಪಕಾರವಾಗುತ್ತದೆ ಎಂಬ ಒಂದೇ ಎಳೆ ಹಿಡಿದು ಬಸ್ಸು ಹತ್ತಿದ್ದಳು. ಉದ್ದಕ್ಕ ಎದ್ದಳು. ನಿಜಕ್ಕೂ ಉದ್ದ, ತಗಡಿಗೆ ತಲೆ ತಾಗದಂತೆ ಬಗ್ಗಿ ಬಂದಳು. ಡ್ರಮ್ಮಿನ ಮೇಲಿದ್ದ ಅಳತೆಯ ಲೋಟವನ್ನು ಕೈಗೆತ್ತಿಕೊಂಡಳು. ಯಾರೂ ತಡೆಯಲಿಲ್ಲ.

"ಲೀಟರಿಗೆ ಎಷ್ಟು ಹಾಕ್ಬೇಕು?" ಎಂದು ತಕ್ಕಡಿಯನ್ನು ಕೇಳಿದಳು.

"ಉದ್ದಕ್ಕಾ, ನಿಮ್ಮ ತಪ್ಪಿಲ್ಲ. ಅದನ್ನೇ ಹೇಳೋಕೆ ಬಂದೆ. ಎಷ್ಟು ಹಾಕಿದ್ರೂ..."

"ಅದು ಕೇಳಿಸ್ತು. ನಾನು ಕೇಳಿದ್ದು ಎಷ್ಟು ಅಂತ."

"ಅಕ್ಕಾ..."

"ಇವರೆಲ್ಲ ಇದ್ದಾರೆ. ಇವರ ಮುಂದೆ ಹೇಳಿ. ಆಮೇಲೆ ನಾನು ಹೆಚ್ಚು ಹಾಕಿದೆ, ಕಮ್ಮಿ ಹಾಕಿದೆ ಅಂತ ಯಾರೂ ಅನ್ನಬಾರದು." ಕಣ್ಣುಗಳು ಕೆಂಪಾಗಿದ್ದವು. "ಜೋರಾಗಿ ಹೇಳಿ."

ತಕ್ಕಡಿ ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಪಾತಿಗಳ ಕಡೆ ನೋಡುತ್ತಿದ್ದಳು. ಹತ್ತು ಮಂದಿ ಕಾಯುತ್ತಿದ್ದರು, ಅವರ ಹಿಂದೆ ಬಿಸಿಲಿತ್ತು.

"ಐದು," ಎಂದಳು ತಕ್ಕಡಿ. "ಲೀಟರಿಗೆ ಐದು ಮಿಲಿ."

ಉದ್ದಕ್ಕ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಕೆಟ್ಟಿನ ಹತ್ತು ಲೀಟರಿಗೆಂದು ಲೋಟದ ಐವತ್ತರ ಗೆರೆಯವರೆಗೆ ಕಷಾಯ ಸುರಿದಳು. ಒಂದು ಹನಿ ಹೆಚ್ಚಾಗಿತ್ತು, ಅದನ್ನು ಡ್ರಮ್ಮಿಗೆ ವಾಪಸ್ ಬಿಟ್ಟಳು. ಆಮೇಲೆ ಲೋಟವನ್ನು ಒಬ್ಬೊಬ್ಬರಿಗೂ ತೋರಿಸುತ್ತ ಬಂದು ಚಿಕ್ಕಮ್ಮನ ಮುಂದೆ ನಿಂತಳು.

ಚಿಕ್ಕಮ್ಮ ಗೆರೆ ನೋಡಿದಳು.

"ಸರಿಯಾಗಿದೆ," ಎಂದಳು.